ಕಟ್ಟಿಗೆಯ ಅನಿಲವೂ ನಮ್ಮ ತೊಗರಿ ನಾಡೂ

ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದವರೆಲ್ಲರೂ ಒಂದು ಸಂಗತಿಯನ್ನು ಕಂಡಿರಲೇಬೇಕು. ಕಟ್ಟಿಗೆ ಹೊಗೆಯಾಡುತ್ತಿರುತ್ತದೆ, ಕಣ್ಣಿನಿಂದ ನೀರು ಇಳಿಯುತ್ತಿರುತ್ತದೆ, ಒಂದೆರಡು ಸಲ ಊದಿದರೆ ಹೊಗೆ ಇನ್ನಷ್ಟು ದಟ್ಟವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮೂರನೆಯ ಸಲ ಊದಿದಾಗ ಆ ಹೊಗೆಯೇ ಭಗ್ಗೆಂದು ಹೊತ್ತಿಕೊಂಡು ಒಲೆಯ ತುಂಬ ಜ್ವಾಲೆ ಏಳುತ್ತದೆ. ಹೊಗೆ ಎಲ್ಲಿ ಹೋಯಿತೋ ತಿಳಿಯದು. "ಏ ತಂಗಿ, ಹೊಗಿ ಯಾಕ ಕುಡಿತಿ, ಜರಾ ಜೋರ್ಲೆ ಊದು" ಎಂದು ನಮ್ಮವ್ವ ಹೇಳುತ್ತಿದ್ದಳು. ಹೊಗೆ ಉರಿಯುವ ವಸ್ತುವೆಂದು ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ಆದರೂ ಅದು ಅವಳಿಗೆ ಗೊತ್ತಿತ್ತು.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಅರ್ಥಶಾಸ್ತ್ರ, ಭೂಗೋಳ ಓದುವ ಬಿ.ಎ. ತರಗತಿಯವಳು ಅನಿಲದ ವಿಷಯ ಬರೆಯುವುದು ಅಧಿಕಪ್ರಸಂಗವೆಂದು ನಮ್ಮ ಉಪನ್ಯಾಸಕರಿಗೆ ತೋರಬಹುದು. ಆದರೆ ಇಂಧನದ ಪ್ರಶ್ನೆಯಲ್ಲಿ ರಸಾಯನಶಾಸ್ತ್ರ ಎಷ್ಟಿದೆಯೋ ಅರ್ಥಶಾಸ್ತ್ರವೂ ಅಷ್ಟೇ ಇದೆ ಎಂಬುದು ಈ ಲೇಖನದ ಕೊನೆಗೆ ವಾಚಕರಿಗೆ ಮನವರಿಕೆಯಾದೀತೆಂದು ನಂಬಿದ್ದೇನೆ.

ಮೊತ್ತಮೊದಲು, ಕಟ್ಟಿಗೆ ಹೇಗೆ ಉರಿಯುತ್ತದೆಂಬುದನ್ನು ನೋಡೋಣ. ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ ಎಂದರೆ ಯಾರೂ ಒಪ್ಪಲಾರರು. ಆದರೆ ನಿಜಸಂಗತಿ ಅದೇ. ಬಿಸಿ ತಗಲಿದ ಕಟ್ಟಿಗೆಯಿಂದ ಮೊದಲು ತೇವಾಂಶ ಆವಿಯಾಗಿ ಹೋಗುತ್ತದೆ. ಬಿಸಿ ಇನ್ನೂ ಏರಿದಂತೆ ಕಟ್ಟಿಗೆಯೇ ಒಡೆದು ಅನಿಲಗಳೂ ಟಾರ್ ಎಂಬ ಡಾಂಬರಿನಂಥ ಜಿಡ್ಡೂ ಹೊರಬರುತ್ತವೆ. ಇವುಗಳ ಮಿಶ್ರಣವೇ ನಾವು ನೋಡುವ ಹೊಗೆ. ಉಳಿದದ್ದು ಇದ್ದಿಲು. ನಾವು ಜ್ವಾಲೆ ಎಂದು ಕರೆಯುವುದು ಈ ಅನಿಲಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಉರಿಯುವುದನ್ನು. ಒಲೆಯಲ್ಲಿ ಇವೆಲ್ಲವೂ ಒಂದೇ ಜಾಗದಲ್ಲಿ, ಒಂದೇ ಕಾಲಕ್ಕೆ, ಗೊಂದಲವಾಗಿ ನಡೆಯುತ್ತವೆ. ಇವುಗಳನ್ನು ಬೇರೆ ಬೇರೆ ಮಾಡಿ, ಅನಿಲವನ್ನು ಒಂದು ಕಡೆ ಹುಟ್ಟಿಸಿ ಇನ್ನೊಂದು ಕಡೆ ನಮಗೆ ಬೇಕಾದಾಗ ಉರಿಸಿದರೆ ಅದೇ ಕಟ್ಟಿಗೆಯ ಅನಿಲ.

ಇದಕ್ಕೆ ಗ್ಯಾಸಿಫೈಯರ್ ಎಂಬ ಯಂತ್ರವುಂಟು. ಹೆಸರು ದೊಡ್ಡದಾದರೂ ರಚನೆ ಸರಳ. ಎತ್ತರವಾದ ಕಬ್ಬಿಣದ ಕಣಜವೊಂದನ್ನು ಕಲ್ಪಿಸಿಕೊಳ್ಳಿರಿ. ಮೇಲಿನಿಂದ ತುಂಡು ಮಾಡಿದ ಒಣ ಕಟ್ಟಿಗೆಯನ್ನು ಸುರಿಯುತ್ತಾರೆ. ನಡುವೆ ತೂತುಗಳಿಂದ ಗಾಳಿ ಒಳಹೋಗುತ್ತದೆ. ಅನಿಲವನ್ನು ಕೆಳಗಿನಿಂದ ಸೆಳೆದುಕೊಳ್ಳುತ್ತಾರೆ. ಇಲ್ಲಿನ ಗುಟ್ಟೆಲ್ಲ ಗಾಳಿಯ ಅಳತೆಯಲ್ಲಿದೆ. ಒಂದು ಕಿಲೋ ಕಟ್ಟಿಗೆ ಪೂರ್ಣವಾಗಿ ಉರಿಯಬೇಕಾದರೆ ಸುಮಾರು ಆರು ಕಿಲೋ ಗಾಳಿ ಬೇಕು. ಇಲ್ಲಿ ಕೊಡುವುದು ಅದರ ಮೂರರಲ್ಲಿ ಅಥವಾ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆ ಅಲ್ಪ ಗಾಳಿಯಿಂದ ಕಟ್ಟಿಗೆಯ ಒಂದಂಶ ಉರಿದು ಸಾವಿರ ಡಿಗ್ರಿಗೂ ಮಿಕ್ಕಿದ ತಾಪ ಹುಟ್ಟುತ್ತದೆ. ಹೀಗೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಕೆಳಗಿರುವ ಕೆಂಡದ ರಾಶಿಯ ಮೂಲಕ ಹಾದುಹೋಗಲೇಬೇಕು. ಕೆಂಡವೆಂದರೆ ಇಂಗಾಲ. ಅದು ಇಂಗಾಲದ ಡೈಆಕ್ಸೈಡಿನಿಂದ ಒಂದು ಪಾಲು ಆಮ್ಲಜನಕವನ್ನು ಕಿತ್ತುಕೊಂಡು ಇಂಗಾಲದ ಮಾನಾಕ್ಸೈಡನ್ನೂ, ನೀರಿನ ಆವಿಯಿಂದ ಆಮ್ಲಜನಕವನ್ನು ಕಿತ್ತುಕೊಂಡು ಜಲಜನಕವನ್ನೂ ಕೊಡುತ್ತದೆ. ಇವೆರಡೂ ಉರಿಯುವ ಅನಿಲಗಳು. ಉರಿದು ಮುಗಿದ ಅನಿಲವನ್ನು ಮರಳಿ ಉರಿಯುವಂತೆ ಮಾಡುವ ಈ ಕೆಲಸ ನನಗೆ ಬಹಳ ಸೋಜಿಗವೆನಿಸಿತು.

ಹೀಗೆ ದೊರೆತ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್ ನೂರಕ್ಕೆ ಹದಿನೆಂಟು-ಇಪ್ಪತ್ತು ಭಾಗ, ಜಲಜನಕವೂ ಹೆಚ್ಚುಕಡಿಮೆ ಅಷ್ಟೇ, ಮೀಥೇನ್ ಒಂದೆರಡು ಭಾಗ ಇರುತ್ತವೆ. ಸುಮಾರು ಅರ್ಧದಷ್ಟು ಗಾಳಿಯಿಂದ ಬಂದ ಸಾರಜನಕ. ಅದು ಉರಿಯುವುದೂ ಇಲ್ಲ, ಉಪಯೋಗಕ್ಕೂ ಬರುವುದಿಲ್ಲ. ಆದಕಾರಣ ಈ ಅನಿಲ ಬಡ ಅನಿಲ: ಒಂದು ಘನಮೀಟರಿನಲ್ಲಿರುವ ಶಾಖ ನೈಸರ್ಗಿಕ ಅನಿಲದಲ್ಲಿರುವುದರ ಏಳರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲ. ಸಿಲಿಂಡರಿನಲ್ಲಿ ತುಂಬಿ ಊರೂರಿಗೆ ಸಾಗಿಸಲು ಇದು ಅನುಕೂಲವಲ್ಲ, ಹುಟ್ಟಿದಲ್ಲಿಯೇ ಉರಿಸಬೇಕು. ಒಂದು ಕಿಲೋ ಒಣ ಕಟ್ಟಿಗೆಯಿಂದ ಸುಮಾರು ಎರಡೂವರೆ ಘನಮೀಟರ್ ಅನಿಲ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಘೋರ ವಿಷ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕುಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದಕ್ಕೆ ಕಾರಣ ಈ ಅನಿಲವೇ. ಯಂತ್ರವನ್ನು ಗಾಳಿಯಾಡುವ ಕಡೆ ಇಡದೆ ಗತ್ಯಂತರವಿಲ್ಲ.

ನಮ್ಮ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಎಂದರೆ ಎಲ್ಲರಿಗೂ ಗೊತ್ತು. ಇದೂ ಅದೇ ಎಂದು ನನ್ನ ಸಹಪಾಠಿಯೊಬ್ಬಳು ವಾದಿಸಿದಳು. ಅಲ್ಲ. ಗೋಬರ್ ಗ್ಯಾಸು ಹಸಿ ಸಗಣಿಯಲ್ಲಿ ಸೂಕ್ಷ್ಮಜೀವಿಗಳು ವಾರಗಟ್ಟಲೆ ಕೆಲಸ ಮಾಡಿ ಹುಟ್ಟಿಸುವ ಮೀಥೇನು. ಆ ಜೀವಿಗಳಿಗೆ ಕಟ್ಟಿಗೆಯ ನಾರು ಜೀರ್ಣವಾಗುವುದಿಲ್ಲ. ಹಸಿಯಾದುದು ಗೋಬರ್ ಗ್ಯಾಸಿಗೆ, ಒಣಗಿ ಗಟ್ಟಿಯಾದುದು ಗ್ಯಾಸಿಫೈಯರಿಗೆ.

ಕಟ್ಟಿಗೆಯ ಅನಿಲ ಹೊಸ ಶೋಧವೇನಲ್ಲ. ಫ್ರಾನ್ಸಿನ ಫಿಲಿಪ್ ಲೆಬಾನ್ ಎಂಬಾತ 1799ರಲ್ಲಿಯೇ ಕಟ್ಟಿಗೆಯ ಅನಿಲದಿಂದ ದೀಪ ಉರಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದಿದ್ದನು. ನಮ್ಮ ನಾಡಿನಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆ ಮಲೆನಾಡಿನ ಕಟ್ಟಿಗೆಯ ಇದ್ದಿಲನ್ನೇ ಅವಲಂಬಿಸಿತ್ತು; ಅಲ್ಲಿ ಕಟ್ಟಿಗೆಯನ್ನು ಬಟ್ಟಿ ಇಳಿಸಿ ಇದ್ದಿಲಿನೊಡನೆ ಟಾರು, ಮರದ ಮದ್ಯಸಾರ ಮೊದಲಾದವನ್ನು ತೆಗೆಯುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸೈನ್ಯದ ಪಾಲಾದಾಗ ಈ ಅನಿಲ ರಸ್ತೆಗೆ ಇಳಿಯಿತು. ಜರ್ಮನಿಯೊಂದರಲ್ಲಿಯೇ ಯುದ್ಧದ ಕೊನೆಗೆ ಸುಮಾರು ಐದು ಲಕ್ಷ ವಾಹನಗಳು ಹೀಗೆ ಓಡುತ್ತಿದ್ದವು. ನಮ್ಮ ದೇಶದಲ್ಲಿಯೂ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಹೊರಡುವ ಮೊದಲು ಗಾಳಿಯಂತ್ರದ ಹಿಡಿಕೆ ತಿರುಗಿಸಿ ಕೆಂಡ ಮಾಡಿಕೊಂಡು, ಏರು ಬಂದಲ್ಲಿ ಪ್ರಯಾಣಿಕರನ್ನು ಇಳಿಸಿ ನಡೆಸುತ್ತಿದ್ದ ಕಾಲವೊಂದಿತ್ತು. ಯುದ್ಧ ಮುಗಿದು ಪೆಟ್ರೋಲು ಮರಳಿ ಬಂದ ಕೂಡಲೆ ಆ ಒಲೆಗಳನ್ನು ಕಳಚಿ ಎಸೆದರು. ಕಷ್ಟ ಬಂದಾಗ ನೆನಪಾಗುವ, ಕಷ್ಟ ತೀರಿದೊಡನೆ ಮರೆತುಹೋಗುವ ಬಡ ನೆಂಟನ ಪಾಡು ಈ ಅನಿಲದ್ದು.

ಅದು ಪುನಃ ನೆನಪಾದದ್ದು ಕರ್ನಾಟಕದಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಪ್ರಾರಂಭವಾಯಿತು. ಅದೇ ಸಂಸ್ಥೆಯಲ್ಲಿ ಪ್ರೊ. ಎಚ್. ಎಸ್. ಮುಕುಂದ ಅವರೂ ಅವರ ಸಂಗಡಿಗರೂ ಮೇಲ್ಭಾಗ ತೆರೆದಿರುವ ಒಂದು ಬಗೆಯ ಗ್ಯಾಸಿಫೈಯರನ್ನು ರೂಪಿಸಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ ಚಿಕ್ಕ ಊರಿಗೆ ಆಗ ವಿದ್ಯುತ್ತಿನ ತಂತಿ ಬಂದಿರಲಿಲ್ಲ. 1988ರಲ್ಲಿ ಅಲ್ಲಿ ಕಟ್ಟಿಗೆಯ ಅನಿಲದಿಂದ ಎಂಜಿನ್ ನಡೆಸಿ ದೀಪ ಹಚ್ಚಿದರು. ಊರ ಪಕ್ಕದಲ್ಲಿ ಇದಕ್ಕಾಗಿಯೇ ಮರಗಳನ್ನು ನೆಟ್ಟು ಬೆಳೆಸಿದರು. ಬರಬರುತ್ತ ಅದೇ ವಿದ್ಯುತ್ತಿನಿಂದ ಕುಡಿಯುವ ನೀರು ನಲ್ಲಿಗೆ ಬಂತು, ಹಿಟ್ಟಿನ ಗಿರಣಿ ತಿರುಗಿತು, ಹೊಲಕ್ಕೂ ನೀರು ಹರಿಯಿತು. ಯಂತ್ರದ ಶಕ್ತಿಯನ್ನು 20 ಕಿಲೋವ್ಯಾಟಿಗೆ ಏರಿಸಿದರು. 2004ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಆ ಯಂತ್ರ ಹದಿನಾಲ್ಕು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿತ್ತು. ಕಡೆಯ ಆರು ವರ್ಷಗಳಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ದಿನ ದೀಪವೂ ನೀರೂ ತಪ್ಪಿರಲಿಲ್ಲ.

ಅದೇ ವರದಿಯಲ್ಲಿರುವ ಇನ್ನೊಂದು ಲೆಕ್ಕ ನನ್ನಂಥ ಅರ್ಥಶಾಸ್ತ್ರದ ವಿದ್ಯಾರ್ಥಿನಿಯ ಕಣ್ಣು ಸೆಳೆಯಿತು. ಯಂತ್ರವನ್ನು ಐದು ಕಿಲೋವ್ಯಾಟಿನಷ್ಟೇ ದುಡಿಸಿದರೆ ಇಂಧನ, ನಿರ್ವಹಣೆ ಎಲ್ಲ ಸೇರಿ ಒಂದು ಯೂನಿಟ್ಟಿಗೆ 5 ರೂಪಾಯಿ 85 ಪೈಸೆ. ಪೂರ್ತಿ ಇಪ್ಪತ್ತು ಕಿಲೋವ್ಯಾಟಿಗೆ ದುಡಿಸಿದರೆ 3 ರೂಪಾಯಿ 34 ಪೈಸೆ. ಎಂದರೆ ಸಂಜೆ ಮೂರು ತಾಸು ದೀಪ ಹಚ್ಚುವುದಕ್ಕೆ ಮಾತ್ರ ಇಂಥ ಯಂತ್ರ ಇಟ್ಟರೆ ನಷ್ಟ. ಹಗಲು ಅದಕ್ಕೆ ಗಿರಣಿಯೋ ಪಂಪೋ ಯಾವುದಾದರೊಂದು ಕೆಲಸ ಇರಬೇಕು. ಮುಂದೆ 2007ರಲ್ಲಿ ಅದೇ ಜಿಲ್ಲೆಯ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟಿನ ಘಟಕ ಕಟ್ಟಿ ಸಾರ್ವಜನಿಕ ವಿದ್ಯುತ್ ಜಾಲಕ್ಕೇ ಜೋಡಿಸಿದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಹೀಗಿದ್ದರೂ ಊರೂರಿಗೆ ಈ ಯಂತ್ರ ಏಕೆ ಬರಲಿಲ್ಲ? ಮುಖ್ಯ ಶತ್ರು ಟಾರು. ಎಂಜಿನ್ನು ನಾಜೂಕಿನ ಯಂತ್ರ; ಜಿಡ್ಡು ಒಳಹೊಕ್ಕರೆ ಕವಾಟಗಳು ಅಂಟಿಕೊಂಡು ನಿಂತುಬಿಡುತ್ತದೆ. ಆದ್ದರಿಂದ ಅನಿಲವನ್ನು ತಣಿಸಬೇಕು, ನೀರಿನಲ್ಲಿ ತೊಳೆಯಬೇಕು, ಮರಳಿನ ಅಥವಾ ಬಟ್ಟೆಯ ಸೋಸಕದಲ್ಲಿ ಸೋಸಬೇಕು, ತೊಳೆದ ಹೊಲಸು ನೀರಿಗೆ ಒಂದು ದಾರಿ ಮಾಡಬೇಕು. ಕಟ್ಟಿಗೆಯ ತೇವ ನೂರಕ್ಕೆ ಹದಿನೈದು-ಇಪ್ಪತ್ತನ್ನು ಮೀರಬಾರದು, ತುಂಡುಗಳು ಒಂದೇ ಅಳತೆಯವಿರಬೇಕು. ಇಷ್ಟನ್ನೂ ದಿನವೂ ಮನಸ್ಸಿಟ್ಟು ಮಾಡುವ ಒಬ್ಬ ಮನುಷ್ಯ ಊರಿನಲ್ಲಿ ಇರಬೇಕು, ಅವನಿಗೆ ಸಂಬಳ ಬರಬೇಕು. ಅತ್ತ ತಂತಿಯ ವಿದ್ಯುತ್ತು ಗುಂಡಿ ಒತ್ತಿದರೆ ಸಾಕು ಎನ್ನುತ್ತದೆ. ಯಾರು ಯಾವುದನ್ನು ಆರಿಸಿಕೊಳ್ಳುವರೆಂಬುದನ್ನು ಹೇಳಬೇಕಾಗಿಲ್ಲ.

ಈಗ ನಮ್ಮ ಪ್ರದೇಶಕ್ಕೆ ಬರೋಣ. ವಾಡಿಯಲ್ಲಿ ಸಿಕಂದರಾಬಾದಿನ ಕಡೆಯ ರೈಲು ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್ ದಾಟಿ ಸೇಡಂ ಬರುತ್ತದೆ. ಈ ದಾರಿಯ ಉದ್ದಕ್ಕೂ ಕಿಟಕಿಯಲ್ಲಿ ಕಾಣುವುದು ಎರಡೇ: ಸಿಮೆಂಟು ಕಾರ್ಖಾನೆಗಳ ಹೊಗೆಗೊಳವೆಗಳು, ತೊಗರಿಯ ಹೊಲಗಳು. ನೆಲದ ಕೆಳಗೆ ಸುಣ್ಣದ ಕಲ್ಲು, ಮೇಲೆ ತೊಗರಿ. ಅದೇ ಕಲ್ಲು ಶಹಾಬಾದಿನ ಹೆಸರಿನಿಂದ ದೇಶದ ಮನೆಮನೆಯ ನೆಲಕ್ಕೆ ಹಾಸಾಗಿ ಹೋಗಿದೆ. ಅದೇ ತೊಗರಿಗೆ 2019ರಲ್ಲಿ ಕಲಬುರಗಿಯ ಹೆಸರಿನ ಭೌಗೋಳಿಕ ಗುರುತು ದೊರೆತಿದೆ. ಸಿಮೆಂಟಿನ ಗೂಡಿನಲ್ಲಿ ಕಲ್ಲು ಬೇಯಲು ಸುಮಾರು 1450 ಡಿಗ್ರಿ ತಾಪ ಬೇಕು. ಅದಕ್ಕೆ ಕಲ್ಲಿದ್ದಲು ವ್ಯಾಗನ್ನುಗಳಲ್ಲಿ ದೂರದಿಂದ ಬರುತ್ತದೆ. ಇತ್ತ ತೊಗರಿಯ ರಾಶಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ತೊಗರಿಕಟ್ಟಿಗೆ ಒಟ್ಟಿರುತ್ತದೆ. ಒಂದು ಕ್ವಿಂಟಲ್ ಕಾಳಿಗೆ ಎರಡೂವರೆ ಕ್ವಿಂಟಲಿನಷ್ಟು ಕಟ್ಟಿಗೆ ಬರುವುದೆಂದು ಲೆಕ್ಕ.

ತೊಗರಿಕಟ್ಟಿಗೆ ಗ್ಯಾಸಿಫೈಯರಿಗೆ ಒಗ್ಗುವ ವಸ್ತು. ಭತ್ತದ ಹೊಟ್ಟಿನಲ್ಲಿ ಐದರಲ್ಲೊಂದು ಪಾಲು ಬೂದಿಯೇ ಇರುತ್ತದೆ, ಅದು ಕರಗಿ ಗಟ್ಟೆ ಕಟ್ಟುತ್ತದೆ. ತೊಗರಿಯದು ಮರದ ಜಾತಿಯ ಕಡ್ಡಿ, ಬೂದಿ ಕಡಿಮೆ, ಶಾಖ ಕಟ್ಟಿಗೆಗೆ ಸಮ. ಹಗುರವಾದುದರಿಂದ ಜಾಗ ಹೆಚ್ಚು ಬೇಕೆಂಬುದೊಂದೇ ದೋಷ. ಕೆರೆಯಂಗಳದಲ್ಲೂ ಬೀಳುಭೂಮಿಯಲ್ಲೂ ಕಡಿದಷ್ಟೂ ಚಿಗುರುವ ಬಳ್ಳಾರಿ ಜಾಲಿಯೂ ಉಂಟು. ಆದರೆ ಚಿಂಚೋಳಿಯ ಕಾಡನ್ನು ಈ ಲೆಕ್ಕದಲ್ಲಿ ಹಿಡಿಯಕೂಡದು. 2011ರಿಂದ ಅದು ವನ್ಯಜೀವಿಧಾಮ. ಅಲ್ಲದಿದ್ದರೂ ಒಣ ಸೀಮೆಯ ಕಾಡಿನ ಮರ ಬೆಳೆಯುವುದು ಬಹಳ ನಿಧಾನ. ಮರಳಿ ಬೆಳೆಯುವುದಕ್ಕಿಂತ ಬೇಗ ಕಡಿದರೆ ಅದು ಮುಗಿಯದ ಇಂಧನವಾಗಲಾರದು. ಕಲ್ಲಿದ್ದಲಿನ ಹಾಗೆ ಅದೂ ಮುಗಿದುಹೋಗುವಂಥದೇ. ತೊಗರಿಯಾದರೋ ಮುಂಗಾರಿಗೆ ಬಿತ್ತಿದ್ದು ಸಂಕ್ರಾಂತಿಯ ಆಸುಪಾಸಿಗೆ ರಾಶಿಗೆ ಬರುತ್ತದೆ. ಉರಿದಾಗ ಬಿಟ್ಟ ಇಂಗಾಲವನ್ನು ಮರುವರ್ಷದ ಬೆಳೆ ಗಾಳಿಯಿಂದ ತಿರುಗಿ ತೆಗೆದುಕೊಳ್ಳುತ್ತದೆ.

ಇನ್ನು ಒಂದು ಲೆಕ್ಕ ಹಾಕೋಣ. ಮಳೆ ಚೆನ್ನಾಗಿ ಆದ ವರ್ಷ ಎಕರೆಗೆ ನಾಲ್ಕು ಕ್ವಿಂಟಲ್ ತೊಗರಿ ಎಂದಿಟ್ಟುಕೊಂಡರೆ ಕಟ್ಟಿಗೆ ಹತ್ತು ಕ್ವಿಂಟಲ್. ಒಂದು ಯೂನಿಟ್ ವಿದ್ಯುತ್ತಿಗೆ ಒಂದೂಕಾಲು ಕಿಲೋ ಬೇಕಾದರೆ ಎಂಟುನೂರು ಯೂನಿಟ್. ತಿಂಗಳಿಗೆ ಐವತ್ತು ಯೂನಿಟ್ ಸುಡುವ ಮನೆಗೆ ಇದು ವರ್ಷ ದಾಟಿ ಮಿಗುತ್ತದೆ. ಈ ಲೆಕ್ಕ ಮಾಡಿದ ದಿನ ನನಗೆ ಬಹಳ ಸಂತೋಷವಾಗಿತ್ತು. ಮನೆಗೆ ಹೋಗಿ ಅವ್ವನ ಮುಂದೆ ಹೇಳಿದೆ. ಅವಳು ಕೇಳಿ, "ಹಂಗಾದ್ರ ಒಲಿಗಿ ಏನ್ ಹಚ್ಚಲಿ?" ಎಂದಳು.

ಈ ಪ್ರಶ್ನೆಗೆ ನಾನು ಓದಿದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಅಲ್ಲಿ ತೊಗರಿಕಟ್ಟಿಗೆಯನ್ನು 'ಕೃಷಿ ತ್ಯಾಜ್ಯ' ಎಂದು ಬರೆದಿದ್ದರು. ನಮ್ಮ ಓಣಿಯಲ್ಲಿ ಅದನ್ನು ಯಾರೂ ತ್ಯಾಜ್ಯವೆನ್ನುವುದಿಲ್ಲ. ಅದು ವರ್ಷದ ಇಂಧನ. ನಮಗೆ ಹೊಲವಿಲ್ಲ. ತೊಗರಿ ಕೊಯ್ಯಲು ಹೋದ ಹೆಣ್ಣುಮಕ್ಕಳು ಸಂಜೆ ಒಂದೊಂದು ಹೊರೆ ಕಟ್ಟಿಗೆ ತಲೆಯ ಮೇಲೆ ಹೊತ್ತು ತರುವುದು ವಾಡಿಕೆ. ಕೂಲಿಯ ಹಣದಲ್ಲಿ ಅದು ಕಾಣಿಸುವುದಿಲ್ಲ, ಆದರೆ ಅದೂ ಕೂಲಿಯೇ. ಈಚೆಗೆ ಯಂತ್ರದಿಂದ ರಾಶಿ ಮಾಡುವ ಹೊಲಗಳಲ್ಲಿ ಕಟ್ಟಿಗೆ ಚೂರಾಗಿ ಅಲ್ಲಿಯೇ ಬೀಳುವುದರಿಂದ ಹೊರೆಗಳು ಕಡಿಮೆಯಾಗಿವೆ. 2016ರಲ್ಲಿ ಪ್ರಾರಂಭವಾದ ಉಜ್ವಲಾ ಯೋಜನೆಯಿಂದ ಸಿಲಿಂಡರು ನಮ್ಮ ಓಣಿಗೂ ಬಂದಿದೆ ನಿಜ. ಅದರ ಮೇಲೆ ಚಹ, ನೆಂಟರು ಬಂದರೆ ಉಪ್ಪಿಟ್ಟು. ರೊಟ್ಟಿ, ನೀರು ಕಾಸುವುದು ಒಲೆಯ ಮೇಲೆಯೇ. ನಮ್ಮ ಮನೆಯಲ್ಲಿ ದಿನಕ್ಕೆ ಐದು ಕಿಲೋ ಸುಡುತ್ತೇವೆ. ವರ್ಷಕ್ಕೆ ಹದಿನೆಂಟು ಕ್ವಿಂಟಲ್. ಎಕರೆಯ ಕಟ್ಟಿಗೆ ಒಂದು ಒಲೆಗೇ ಸಾಲದು!

ಕಟ್ಟಿಗೆಗೆ ದೊಡ್ಡ ಗಿರಾಕಿ ಬಂದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರೇ ರೂಪಿಸಿದ 'ಊರ್ಜಾ' ಎಂಬ ಅನಿಲದ ಒಲೆ 2006ರ ಸುಮಾರಿಗೆ ಮಾರಾಟಕ್ಕೆ ಬಂದು, ಮಹಾರಾಷ್ಟ್ರ ಕರ್ನಾಟಕಗಳಲ್ಲಿ ಸುಮಾರು ನಾಲ್ಕು ಲಕ್ಷ ಮನೆಗಳನ್ನು ಸೇರಿತು. ಒಳಗೆ ಚಿಕ್ಕ ಫ್ಯಾನು, ನೀಲಿ ಜ್ವಾಲೆ, ಹೊಗೆಯಿಲ್ಲ. ಆದರೆ ಅದಕ್ಕೆ ಹೊಲದ ಉಳಿಕೆಯನ್ನು ಒತ್ತಿ ಮಾಡಿದ ಗುಳಿಗೆಗಳೇ ಬೇಕು, ಅವನ್ನು ಕೊಂಡುಕೊಳ್ಳಬೇಕು. ಉಳಿಕೆಗೆ ಬೇರೆ ಗಿರಾಕಿಗಳೂ ಇದ್ದುದರಿಂದ ಅದರ ಬೆಲೆ ಏರಿತು, ಗುಳಿಗೆಯ ಬೆಲೆಯೂ ಏರಿತು, ಬಹಳ ಮನೆಯವರು ಒಲೆಯನ್ನು ಮೂಲೆಗಿಟ್ಟರು. ತ್ಯಾಜ್ಯವೆಂಬ ಮಾತು ಬೆಲೆ ಕಟ್ಟುವವರೆಗೆ ಮಾತ್ರ. ಬೆಲೆ ಬಂದ ಮೇಲೆ ಹೊಲದ ಒಡೆಯನಿಗೆ ಲಾಭ, ಅದು ತಪ್ಪಲ್ಲ. ಆದರೆ ಹೊರೆ ಹೊರುವವಳ ಪಾಲು ಯಾವ ಲೆಕ್ಕದಲ್ಲಿಯೂ ಇರುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ನಮ್ಮ ಕಡೆ ಈ ಅನಿಲ ಮೊದಲು ಎಂಜಿನ್ನಿಗಲ್ಲ, ಒಲೆಗೆ ಬರಬೇಕು. ಒಲೆಯಲ್ಲಿ ಅನಿಲವನ್ನು ಬಿಸಿಯಾಗಿರುವಾಗಲೇ ಉರಿಸುವುದರಿಂದ ಟಾರು ಸಹ ಉರಿದುಹೋಗುತ್ತದೆ; ತಣಿಸುವ ತೊಳೆಯುವ ತಂಟೆಯೇ ಇಲ್ಲ. ಸಾಮಾನ್ಯ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲು ಪಾತ್ರೆಗೆ ಮುಟ್ಟಿದರೆ, ಅನಿಲದ ಒಲೆಯಲ್ಲಿ ಮೂವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಮ್ಮ ಹದಿನೆಂಟು ಕ್ವಿಂಟಲ್ ಒಂಬತ್ತಕ್ಕೆ ಇಳಿದೀತು. ವಸತಿನಿಲಯಗಳ ಅಡುಗೆಮನೆ, ಖಾನಾವಳಿ, ಚುರಮುರಿ ಭಟ್ಟಿ ಇಂಥಲ್ಲೆಲ್ಲ ದೊಡ್ಡ ಅಳತೆಯ ಅನಿಲದ ಒಲೆ ನಡೆಯಬಲ್ಲದು. ಹೀಗೆ ಒಲೆಯಲ್ಲಿ ಉಳಿತಾಯವಾದ ಕಟ್ಟಿಗೆಯಿಂದ ಬೇಳೆ ಗಿರಣಿ ನಡೆಸುವ ಮಾತು ಆಮೇಲೆ ಆಡಬಹುದು. ಗಿರಣಿಗೆ ಹಗಲೆಲ್ಲ ಕೆಲಸವಿರುವುದರಿಂದ ಹೊಸಹಳ್ಳಿಯ ಲೆಕ್ಕವೂ ಕೂಡಿಬರುತ್ತದೆ.

ಬರೀ ಬರೆದರೆ ಸಾಲದೆಂದು ಕಳೆದ ರಜೆಯಲ್ಲಿ ನಾನೂ ನನ್ನ ಗೆಳತಿಯೂ ಒಂದು ಒಲೆ ಮಾಡಿದೆವು. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿ. ಸಣ್ಣದರ ತಳದಲ್ಲಿ ಮೊಳೆಯಿಂದ ಹೊಡೆದ ತೂತುಗಳು, ಅದರ ಕಂಠದ ಸುತ್ತ ಇನ್ನೊಂದು ಸಾಲು. ತೊಗರಿಕಡ್ಡಿಯನ್ನು ಬೆರಳುದ್ದ ತುಂಡು ಮಾಡಿ ತುಂಬಿ, ಬೆಂಕಿಯನ್ನು ಮೇಲಿನಿಂದ ಹಚ್ಚಬೇಕು. ಕೆಳಗಿನಿಂದ ಬಂದ ಅಲ್ಪ ಗಾಳಿಯಲ್ಲಿ ಕಟ್ಟಿಗೆ ಅನಿಲವಾಗುತ್ತ ಬೆಂಕಿ ಕೆಳಗಿಳಿಯುತ್ತದೆ. ಅನಿಲ ಕೆಂಡವನ್ನು ದಾಟಿ ಮೇಲೆ ಬಂದು ಕಂಠದ ತೂತುಗಳ ಗಾಳಿಯಲ್ಲಿ ಉರಿಯುತ್ತದೆ. ಮೊದಲ ಸಲ ಕಡ್ಡಿ ಹಸಿಯಿದ್ದುದರಿಂದ ಅಂಗಳವೆಲ್ಲ ಹೊಗೆಯಾಗಿ ನೆರೆಮನೆಯವರು ಬೈದರು. ಎರಡನೆಯ ಸಲ, ನಾಲ್ಕು ದಿನ ಬಿಸಿಲಿಗೆ ಹಾಕಿದ ಕಡ್ಡಿಯಿಂದ, ಪ್ರತಿಯೊಂದು ತೂತಿನಿಂದಲೂ ಒಂದೊಂದು ನಾಲಗೆಯಂತೆ ಜ್ವಾಲೆ ಹೊರಟಿತು. ಹೊಗೆ ಇರಲಿಲ್ಲ. ಒಂದು ತಂಬಿಗೆ ನೀರು ಕುದಿಯಿತು. ಡಬ್ಬಿಯ ತಳದಲ್ಲಿ ಬೂದಿಯ ಬದಲು ಹಿಡಿಯಷ್ಟು ಇದ್ದಿಲು ಉಳಿದಿತ್ತು.

ಅವ್ವ ಬಂದು ಬಹಳ ಹೊತ್ತು ನೋಡಿದಳು. ಕಣ್ಣಿಗೆ ಹೊಗೆ ಬರುವುದಿಲ್ಲವೆಂದು ಒಪ್ಪಿಕೊಂಡಳು. ಇದ್ದಿಲನ್ನು ಒಂದು ಹೆಂಚಿನ ಮೇಲೆ ಎತ್ತಿಟ್ಟಳು. ಆಮೇಲೆ ನಾವು ಮಧ್ಯಾಹ್ನವೆಲ್ಲ ಕುಡುಗೋಲಿನಿಂದ ಕತ್ತರಿಸಿದ್ದ ತುಂಡುಗಳ ಪುಟ್ಟಿಯನ್ನು ನೋಡಿ, "ಛಲೋ ಅದ. ಆದ್ರ ದಿನಾ ಇಷ್ಟು ಸಣ್ಣಗ ಕಡಿಯೋರು ಯಾರವ್ವ?" ಎಂದು ಕೇಳಿದಳು. ಹೊಸಹಳ್ಳಿಯಲ್ಲಿಯೂ ಕಟ್ಟಿಗೆಯನ್ನು ತುಂಡು ಮಾಡುವುದೇ ಒಂದು ಪ್ರತ್ಯೇಕ ಕೆಲಸವಾಗಿತ್ತು. ಕಣಕಿ ಕತ್ತರಿಸುವ ಕೈಯಂತ್ರ ನಮ್ಮ ಊರಿನಲ್ಲಿ ಒಬ್ಬರ ಮನೆಯಲ್ಲಿದೆ. ಅದರ ಅಲಗು ತೊಗರಿಕಟ್ಟಿಗೆಗೆ ತಡೆಯುತ್ತದೋ ಇಲ್ಲವೋ ಎಂದು ಮುಂದಿನ ರಜೆಯಲ್ಲಿ ನೋಡಬೇಕಾಗಿದೆ.